ಹಠ ಎಂಬ ಸುಲಭದ ತೀರ್ಪು

ಆಟಿಸಂ ಇರುವ ಮಗು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವುದನ್ನು, ಮುಂಗೈ ಕಚ್ಚಿ ರಕ್ತ ಬರಿಸಿಕೊಳ್ಳುವುದನ್ನು, ಮುಷ್ಟಿ ಕಟ್ಟಿ ಕಣ್ಣಿನ ಪಕ್ಕಕ್ಕೇ ಗುದ್ದಿಕೊಳ್ಳುವುದನ್ನು ನೋಡಿದವರು ಕೂತಲ್ಲೇ ತೀರ್ಪು ಕೊಟ್ಟು ಮುಗಿಸುತ್ತಾರೆ. ಹಠ. ಮುದ್ದು ಜಾಸ್ತಿ ಆಗಿದೆ. ಒಂದೆರಡು ಬಿಗಿದರೆ ಸರಿಹೋಗುತ್ತದೆ. ಈ ತೀರ್ಪಿಗೆ ಯಾವ ಓದೂ ಬೇಡ, ಆ ಮನೆಯಲ್ಲಿ ಒಂದು ರಾತ್ರಿ ಕಳೆದಿರಬೇಕೆಂದೂ ಇಲ್ಲ. ಮದುವೆ ಛತ್ರದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಕೊನೆಗೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಇದೇ ಮಾತು. ಹೇಳುವವರು ಕೆಟ್ಟವರಲ್ಲ. ಹೆಚ್ಚಿನವರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರೇ. ತಮ್ಮ ಮಕ್ಕಳು ಅಂಗಡಿ ಮುಂದೆ ಚಾಕೊಲೇಟಿಗಾಗಿ ಬಿದ್ದು ಹೊರಳಾಡಿದ್ದನ್ನೂ ಎರಡು ಏಟು ಬಿದ್ದ ಮೇಲೆ ಎದ್ದು ನಡೆದದ್ದನ್ನೂ ಕಂಡವರು. ಆ ಅನುಭವವನ್ನೇ ತಂದು ಇಲ್ಲಿಗೂ ಹಚ್ಚುತ್ತಾರೆ.

ಈ ತೀರ್ಪು ತಪ್ಪು. ತಪ್ಪಾದರೂ ಬಾಳುತ್ತಿರುವುದು ಅದು ಎಲ್ಲರಿಗೂ ಅನುಕೂಲವಾಗಿದೆ ಎಂಬ ಕಾರಣಕ್ಕೆ. ಹಠ ಎಂದು ಒಮ್ಮೆ ಒಪ್ಪಿಕೊಂಡರೆ ವೈದ್ಯರು ಮಗುವಿನ ಬಾಯಿ, ಕಿವಿ, ಹೊಟ್ಟೆ ನೋಡಬೇಕಿಲ್ಲ. ಶಾಲೆಯವರು ಸೇರಿಸಿಕೊಳ್ಳಬೇಕಿಲ್ಲ. ಸರ್ಕಾರ ಕೈ ಬಿಚ್ಚಬೇಕಿಲ್ಲ. ಹೊರೆಯೆಲ್ಲ ಮಗುವನ್ನು ಬೆಳೆಸಲು ಬಾರದವಳು ಎಂದು ಹೆಸರಾದ ಒಬ್ಬ ತಾಯಿಯ ತಲೆಗೆ.

ಇದೇನು ಎಲ್ಲೋ ಒಂದೆರಡು ಮನೆಯ ಕಥೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 8 ವರ್ಷ ವಯಸ್ಸಿನ, ಆಟಿಸಂ ಇರುವ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಜಾಲಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 28ರಷ್ಟು ಮಕ್ಕಳು ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಎಲ್ಲರದ್ದೂ ತೀವ್ರವಾದದ್ದಲ್ಲ. ತೀವ್ರವಾದರೆ ಏನಾಗುತ್ತದೆ ಎಂಬುದು ಕಣ್ಣಿನ ವೈದ್ಯರಿಗೆ ಗೊತ್ತು. ಮುಖಕ್ಕೆ ಮತ್ತೆ ಮತ್ತೆ ಗುದ್ದಿಕೊಂಡ ಮಕ್ಕಳಲ್ಲಿ ಅಕ್ಷಿಪಟಲ ಕಿತ್ತು ಬಂದು ದೃಷ್ಟಿ ಹೋದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ದೃಷ್ಟಿ ಕಳೆದುಕೊಳ್ಳುವ ಮಟ್ಟಕ್ಕೆ ಯಾವ ಮಗುವೂ ಚಾಕೊಲೇಟಿಗಾಗಿ ಹಠ ಮಾಡುವುದಿಲ್ಲ.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನನಗೆ ಬಳಕೆಯಿರುವ ಒಂದು ಮನೆಯಿದೆ. ಹೆಸರು ಬೇಡ. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಅಮ್ಮ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಮಗನಿಗಾಗಿ ಬಿಟ್ಟರು. ಹುಡುಗನಿಗೆ ಆಗ ಒಂಬತ್ತು ವರ್ಷ, ಮಾತಿಲ್ಲ. ಮೊದಲೂ ಆಗಾಗ ಕೈ ಕಚ್ಚಿಕೊಳ್ಳುತ್ತಿದ್ದವನು ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಬಲಗೆನ್ನೆಗೆ ಗುದ್ದಿಕೊಳ್ಳಲು ಶುರುಮಾಡಿದ. ನಾನು ಹೋದಾಗ ಅವನ ಬಲಗೈ ಗೆಣ್ಣುಗಳ ಮೇಲೆ ಚರ್ಮ ಜಡ್ಡುಗಟ್ಟಿತ್ತು, ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಅಮ್ಮ ಹಳೆಯ ಪ್ರಜಾವಾಣಿಗಳನ್ನು ಉದ್ದಕ್ಕೆ ಸುತ್ತಿ, ಬೆಡ್‌ಶೀಟಿನ ತುಂಡಿನಲ್ಲಿ ಹೊಲಿದು, ಅವನ ಮೊಣಕೈಗೆ ಕಟ್ಟಿದ್ದರು. ಮೊಣಕೈ ಮಡಚದಿದ್ದರೆ ಮುಷ್ಟಿ ಮುಖಕ್ಕೆ ಎಟುಕುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡದ್ದು. ಊಟಕ್ಕೆ ಬಿಚ್ಚಬೇಕು, ಬಿಚ್ಚಿದ ಕೂಡಲೇ ಗುದ್ದು. ಒಬ್ಬರು ಕೈ ಹಿಡಿಯಬೇಕು, ಒಬ್ಬರು ತುತ್ತಿಡಬೇಕು.

ಅಜ್ಜಿಯದು ಒಂದೇ ಮಾತು. "ನೀನು ಹೆದರ್ತೀಯ ಅಂತ ಅವನಿಗೆ ಗೊತ್ತಾಗಿದೆ ಕಣೇ. ಒಂದು ಸಲ ಬಲವಾಗಿ ಬಿಡು, ಆಮೇಲೆ ನೋಡು." ಸೋದರಮಾವ ಬಂದವರು ಬಾಸುಂಡೆ ಬರುವ ಹಾಗೆ ಬಿಟ್ಟೂ ನೋಡಿದರು. ಆ ರಾತ್ರಿಯೆಲ್ಲ ಹುಡುಗ ಗುದ್ದಿಕೊಂಡ. ಊರಿನ ವೈದ್ಯರು ದೂರದಿಂದಲೇ ನೋಡಿ "ಆಟಿಸಂ ಅಲ್ವೇನಮ್ಮ, ಇವೆಲ್ಲ ಇದ್ದಿದ್ದೇ" ಅಂದರು. ಅವರು ಹೇಳಿ ಕಳಿಸಿದ ದೊಡ್ಡ ಆಸ್ಪತ್ರೆಯಲ್ಲಿ ನಿದ್ದೆಯ ಔಷಧದ ಪ್ರಮಾಣ ಹೆಚ್ಚಿಸಿದರು. ಯಾರೂ ಬಾಯಿ ತೆರೆಸಲಿಲ್ಲ. ಅವನು ತೆರೆಯಲು ಬಿಡುತ್ತಿರಲಿಲ್ಲ, ನಿಜ. ಆದರೆ ತೆರೆಸಬೇಕು ಎಂದು ಯಾರಿಗೂ ಅನ್ನಿಸಲೂ ಇಲ್ಲ.

ಕೊನೆಗೆ ಸುಳಿವು ಸಿಕ್ಕಿದ್ದು ಅಡುಗೆಮನೆಯಲ್ಲಿ. ಚಪಾತಿ, ಚಕ್ಕುಲಿ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗ ಎರಡೂ ಬಿಟ್ಟು ಬರೀ ಮುದ್ದೆ ತಿನ್ನುತ್ತಿದ್ದ. ಅದನ್ನೂ ಮನೆಯವರು ಹಠದ ಪಟ್ಟಿಗೇ ಸೇರಿಸಿದ್ದರು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅವನು ಅಗಿಯುವುದನ್ನೇ ನಿಲ್ಲಿಸಿದ್ದಾನೆ ಎಂಬುದು ಹಾಸನದ ಊಟದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅಮ್ಮನಿಗೆ ಒಂದು ಸಂಜೆ ಹೊಳೆಯಿತು. ಬೆಂಗಳೂರಿನ ದಂತ ವೈದ್ಯಕೀಯ ಕಾಲೇಜೊಂದರಲ್ಲಿ ಅರಿವಳಿಕೆ ಕೊಟ್ಟು ನೋಡಿದಾಗ ಬಲಗಡೆಯ ಕೆಳದವಡೆ ಹಲ್ಲು ಬೇರಿನವರೆಗೂ ಹುಳುಕಾಗಿ ಕೀವು ತುಂಬಿತ್ತು. ಅದನ್ನು ಕಿತ್ತ ಮೇಲೆ ಕೆನ್ನೆಗೆ ಗುದ್ದಿಕೊಳ್ಳುವುದು ಬಹುಪಾಲು ನಿಂತಿತು. ಕೈ ಕಚ್ಚಿಕೊಳ್ಳುವುದು ನಿಂತಿಲ್ಲ. ಮಿಕ್ಸಿ ಸದ್ದಿಗೆ, ಕರೆಂಟ್ ಹೋದಾಗ ಈಗಲೂ ಕಚ್ಚಿಕೊಳ್ಳುತ್ತಾನೆ. ಇದು ಪವಾಡದ ಕಥೆಯಲ್ಲ, ಒಂದು ಹಲ್ಲಿನ ಕಥೆ. ನಮಗೆ ನಿಮಗೆ ಅಂಥ ಹಲ್ಲಿದ್ದರೆ ಆ ಸಂಜೆಯೇ ವೈದ್ಯರ ಕುರ್ಚಿಯಲ್ಲಿ ಕೂತಿರುತ್ತಿದ್ದೆವು. ಆ ಹುಡುಗ ಮಳೆಗಾಲವಿಡೀ ಅದನ್ನಿಟ್ಟುಕೊಂಡು ಪೆಟ್ಟು ತಿಂದ.

ಹಲ್ಲು, ಕಿವಿಯ ಸೋಂಕು, ದಿನಗಟ್ಟಲೆ ಕಟ್ಟಿದ ಮಲ, ಎದೆಗೆ ಉಕ್ಕುವ ಹುಳಿ, ಅರೆತಲೆನೋವು, ಕೆಟ್ಟ ನಿದ್ದೆ, ಮೈನೆರೆದ ಹುಡುಗಿಯರಲ್ಲಿ ಮುಟ್ಟಿನ ಹೊಟ್ಟೆನೋವು. ತನ್ನನ್ನು ತಾನೇ ಹೊಡೆದುಕೊಳ್ಳುವ ಮಗುವಿನಲ್ಲಿ ವೈದ್ಯರು ಮೊದಲು ಹುಡುಕಬೇಕಾದ್ದು ಇವನ್ನು. ಇದು ಹೊಸ ಸಂಶೋಧನೆಯೇನಲ್ಲ, ಪಠ್ಯಪುಸ್ತಕದಲ್ಲಿರುವ ಸಂಗತಿ. ಆದರೂ ತಪ್ಪಿಹೋಗುವುದೇಕೆಂದರೆ ಮಗುವಿನ ಫೈಲಿನ ಮೇಲೆ ಆಟಿಸಂ ಎಂದು ಬರೆದಾಗಿರುತ್ತದೆ. ಆಮೇಲೆ ಏನಾದರೂ ಎಲ್ಲ ಅದರ ಖಾತೆಗೆ ಜಮೆ. ಇಂಥ ಮಕ್ಕಳಿಗೆ ನೋವೇ ಗೊತ್ತಾಗುವುದಿಲ್ಲ, ಗೊತ್ತಾಗುವ ಹಾಗಿದ್ದರೆ ಹೀಗೆ ಹೊಡೆದುಕೊಳ್ಳುತ್ತಿದ್ದರೇ ಎಂಬ ವಾದವೂ ಇದರ ಬೆನ್ನಿಗಿದೆ. ಫ್ರಾನ್ಸಿನ ಸಿಲ್ವಿ ಟೋರ್ಜ್‌ಮನ್ ಮತ್ತು ಸಂಗಡಿಗರು ಆಟಿಸಂ ಇರುವ ಮಕ್ಕಳ ರಕ್ತ ತೆಗೆಯುವ ಹೊತ್ತಿನಲ್ಲೇ ಅವರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಾದವನ್ನು ಮುರಿದು ಹಾಕಿದೆ. ಸೂಜಿ ಚುಚ್ಚಿದಾಗ ಆ ಮಕ್ಕಳು ಮುಖ ಕಿವಿಚಿದ್ದು ಕಡಿಮೆ, ಎದೆಬಡಿತ ಏರಿದ್ದು ಮಾತ್ರ ಇತರ ಮಕ್ಕಳಿಗಿಂತ ಹೆಚ್ಚು. ನೋವಿತ್ತು, ನಮಗೆ ಅರ್ಥವಾಗುವ ಹಾಗೆ ಅದು ಮುಖದ ಮೇಲೆ ಬರಲಿಲ್ಲ.

ಹಠವಾದಿಗಳ ಕಡೆಗೂ ಒಂದು ಮಾತಿದೆ, ಅದನ್ನು ಬಚ್ಚಿಟ್ಟರೆ ನನ್ನ ವಾದಕ್ಕೇ ಮೋಸ. ಎಲ್ಲ ಮಕ್ಕಳ ಬಾಯಲ್ಲೂ ಹುಳುಕು ಹಲ್ಲು ಸಿಗುವುದಿಲ್ಲ. ಕೆಲವು ಮಕ್ಕಳು ಹೊಡೆದುಕೊಂಡ ಮೇಲೆ ನಡೆಯುವುದನ್ನು ಬಯಸಿಯೇ ಹೊಡೆದುಕೊಳ್ಳುತ್ತಾರೆ. ಇದನ್ನು ವ್ಯವಸ್ಥಿತ ಪ್ರಯೋಗದ ಮೂಲಕ ತೋರಿಸಿದವರು ಬ್ರಯನ್ ಇವಾಟಾ ಮತ್ತು ಸಂಗಡಿಗರು, 1982ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ. ಒಂದೇ ಮಗುವನ್ನು ಬೇರೆ ಬೇರೆ ಸನ್ನಿವೇಶದಲ್ಲಿಟ್ಟು ನೋಡಿದರು. ಹೊಡೆದುಕೊಂಡಾಗ ದೊಡ್ಡವರು ಓಡಿ ಬಂದು ಬೇಡ ಎನ್ನುವ ಸನ್ನಿವೇಶ ಒಂದು, ಕಷ್ಟದ ಪಾಠ ಕೊಟ್ಟು ಹೊಡೆದುಕೊಂಡರೆ ಪಾಠ ನಿಲ್ಲಿಸುವ ಸನ್ನಿವೇಶ ಒಂದು, ಒಂಟಿಯಾಗಿ ಬಿಟ್ಟದ್ದು ಒಂದು, ಆಟದ ಸಾಮಾನು ಕೊಟ್ಟು ಜೊತೆಗಿದ್ದದ್ದು ಇನ್ನೊಂದು. ಯಾವುದರಲ್ಲಿ ಹೆಚ್ಚು ಹೊಡೆದುಕೊಳ್ಳುತ್ತದೆಯೋ ಅಲ್ಲಿ ಕಾರಣ. 1994ರಲ್ಲಿ ಅದೇ ತಂಡ ಇಂಥ 152 ವಿಶ್ಲೇಷಣೆಗಳ ಲೆಕ್ಕ ಕೊಟ್ಟಿತು. ಬೇಡದ್ದರಿಂದ ತಪ್ಪಿಸಿಕೊಳ್ಳಲು ಹೊಡೆದುಕೊಳ್ಳುವವರು ಶೇ 38, ಇನ್ನೊಬ್ಬರ ಗಮನವೋ ವಸ್ತುವೋ ಬೇಕಾಗಿ ಹೊಡೆದುಕೊಳ್ಳುವವರು ಶೇ 26. ಇನ್ನೂ ಸುಮಾರು ಕಾಲು ಭಾಗ ಜನರಲ್ಲಿ ಸುತ್ತ ಯಾರಿದ್ದರೂ ಇಲ್ಲದಿದ್ದರೂ ಒಂದೇ, ಕಾರಣ ಮೈಯೊಳಗೇ ಇತ್ತು.

ನೋಡಿದಿರಾ, ಗಮನಕ್ಕಾಗಿಯೇ ಮಾಡುತ್ತಾರೆ ಎಂದು ಯಾರಾದರೂ ಕುರ್ಚಿಯಿಂದ ಎದ್ದು ನಿಲ್ಲುವ ಮೊದಲು ಎರಡು ಸಂಗತಿ. ಒಂದು, ಹೆಚ್ಚಿನವರು ಗಮನಕ್ಕಾಗಿ ಮಾಡುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ 'ನೋಡಿಯೂ ನೋಡದ ಹಾಗಿರಿ' ಎಂದು ಸಲಹೆ ಕೊಟ್ಟರೆ, ಪಾಠ ತಪ್ಪಿಸಿಕೊಳ್ಳಬೇಕಿದ್ದ ಮಗುವಿಗೆ ಬೇಕಾದ್ದನ್ನೇ ಕೊಟ್ಟಂತಾಯಿತು, ನೋವಿದ್ದ ಮಗುವನ್ನು ನೋವಿಗೇ ಬಿಟ್ಟಂತಾಯಿತು. ಎರಡು, ಗಮನಕ್ಕಾಗಿಯೇ ಇರಲಿ. ಮಾತು ಬಾರದ ಮಗುವಿಗೆ ಅಮ್ಮನನ್ನು ಅಡುಗೆಮನೆಯಿಂದ ಕರೆಸಿಕೊಳ್ಳಲು ಬೇರೆ ಯಾವ ದಾರಿ ಇತ್ತು? ಹತ್ತು ಸಲ ಸೆರಗು ಜಗ್ಗಿದಾಗ ಬಾರದವಳು ಒಂದು ಸಲ ಹಣೆ ಚಚ್ಚಿಕೊಂಡಾಗ ಓಡಿ ಬಂದಳು. ಮಗು ಕಲಿತದ್ದು ಸರಿಯಾದ ಪಾಠವನ್ನೇ. ಅದಕ್ಕೆ ಕಲಿಸಬೇಕಾದ್ದು ಬೇರೆ ದಾರಿ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಾಂಡ್ ನಾಲ್ಕು ಮಕ್ಕಳಿಗೆ ಮಾಡಿದ್ದು ಅಷ್ಟೇ. ಪಾಠ ಕಷ್ಟವಾದಾಗ 'ನನಗೆ ಅರ್ಥವಾಗಲಿಲ್ಲ' ಎನ್ನುವುದನ್ನೂ, ಗಮನ ಬೇಕಾದಾಗ 'ನಾನು ಚೆನ್ನಾಗಿ ಮಾಡ್ತಿದೀನಾ' ಎಂದು ಕೇಳುವುದನ್ನೂ ಕಲಿಸಿದರು. ಕೇಳಿದ್ದು ಸಿಗತೊಡಗಿದ ಮೇಲೆ ಹಳೆಯ ಕಾಟ ಇಳಿಯಿತು. ಮಾತೇ ಇಲ್ಲದ ಮಕ್ಕಳಿಗೆ ಚಿತ್ರದ ಕಾರ್ಡುಗಳಿವೆ, ಚೆನ್ನೈಯಲ್ಲಿ ತಯಾರಾದ 'ಆವಾಜ್' ಥರದ ಆ್ಯಪ್‌ಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಊರೂರಲ್ಲಿ ಹಠ ಎಂದು ಹೇಳಲು ಜನ ಸಿಕ್ಕಷ್ಟು ಸುಲಭವಾಗಿ, 'ಸಾಕು', 'ಬೇಡ', 'ನೋಯ್ತಿದೆ' ಎಂಬ ಮೂರು ಕಾರ್ಡು ತೋರಿಸಲು ಕಲಿಸುವವರು ಸಿಗುವುದಿಲ್ಲ.

ನೋಡದ ಹಾಗಿರುವ ಸಲಹೆಯಲ್ಲಿ ಇನ್ನೊಂದು ಅಪಾಯವಿದೆ, ಸಲಹೆಗಾರರು ಅದನ್ನು ಹೇಳುವುದಿಲ್ಲ. ಗಮನ ನಿಲ್ಲಿಸಿದ ಕೂಡಲೇ ಹೊಡೆದುಕೊಳ್ಳುವುದು ಇಳಿಯಬೇಕೆಂದಿಲ್ಲ. ಮೊದಲು ಏರಬಹುದು, ಕೆಲವೊಮ್ಮೆ ಹಲವು ಪಟ್ಟು. ಕಿರುಚಾಟವಾದರೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂರಬಹುದು. ಹಣೆ ಒಡೆಯುತ್ತಿರುವಾಗ ತಾಯಿ ಗಡಿಯಾರ ನೋಡುತ್ತ ಕೂರಬೇಕೆ?

ಇನ್ನು ಪೆಟ್ಟಿನ ಮಾತು. ಪೆಟ್ಟಿನಿಂದ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮ ಅಜ್ಜಿಯರದು ಮಾತ್ರ ಎಂದುಕೊಂಡವರಿಗೆ ಗೊತ್ತಿರಲಿ, ಅದನ್ನು ವಿಜ್ಞಾನದ ಹೆಸರಿನಲ್ಲಿ ಕಟ್ಟಕಡೆಯವರೆಗೂ ಕೊಂಡೊಯ್ದು ನೋಡಿಯಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಈವಾರ್ ಲೋವಾಸ್ 1960ರ ದಶಕದಲ್ಲಿ ಇಂಥ ಮಕ್ಕಳಿಗೆ ವಿದ್ಯುತ್ ಆಘಾತ ಕೊಟ್ಟರು. 1965ರಲ್ಲಿ 'ಲೈಫ್' ಪತ್ರಿಕೆ ಆ ಪ್ರಯೋಗಶಾಲೆಯ ಚಿತ್ರಗಳನ್ನು ಪುಟಗಟ್ಟಲೆ ಅಚ್ಚು ಹಾಕಿತು, ಕೆನ್ನೆಗೆ ಬಾರಿಸುವ ಚಿತ್ರವೂ ಅದರಲ್ಲಿತ್ತು. ಫಲ? 1969ರ ತಮ್ಮದೇ ಪ್ರಬಂಧದಲ್ಲಿ ಲೋವಾಸ್ ಒಪ್ಪಿಕೊಂಡ ಪ್ರಕಾರ, ಆಘಾತ ಕೊಟ್ಟ ಕೋಣೆಯಲ್ಲಿ, ಕೊಟ್ಟ ವ್ಯಕ್ತಿಯ ಎದುರು ಮಗು ನಿಲ್ಲಿಸಿತು. ಬೇರೆ ಜಾಗದಲ್ಲಿ, ಬೇರೆಯವರ ಎದುರು ಮುಂದುವರಿಸಿತು. ಅಂದರೆ ಮಗು ಕಲಿತದ್ದು ಯಾರಿಗೆ ಹೆದರಬೇಕು ಎಂಬುದನ್ನು. ಸೋದರಮಾವ ಬಂದಾಗ ಸುಮ್ಮನಿರುತ್ತಾನೆ, ಹೋದ ಮೇಲೆ ಶುರು ಎಂದು ಎಷ್ಟೋ ತಾಯಂದಿರು ಹೇಳುವುದೂ ಇದನ್ನೇ. ಮಾವನ ಪ್ರಕಾರ ಇದು ತಮ್ಮ ಪೆಟ್ಟಿನ ಗೆಲುವು.

ಮ್ಯಾಸಚೂಸೆಟ್ಸ್‌ನ ಜಡ್ಜ್ ರೋಟನ್‌ಬರ್ಗ್ ಸೆಂಟರ್ ಎಂಬ ವಸತಿ ಸಂಸ್ಥೆ ಇನ್ನೂ ಮುಂದೆ ಹೋಯಿತು. ಅಲ್ಲಿನ ಕೆಲವರು ಬೆನ್ನಿಗೆ ಚೀಲದಲ್ಲಿ ಬ್ಯಾಟರಿ ಹೊತ್ತು, ಕೈಕಾಲಿಗೆ ಎಲೆಕ್ಟ್ರೋಡ್ ಕಟ್ಟಿಕೊಂಡೇ ಬದುಕಿದರು. ಸಿಬ್ಬಂದಿ ರಿಮೋಟ್ ಒತ್ತಿದರೆ ಆಘಾತ. 2013ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಹುವಾನ್ ಮೆಂಡೆಜ್ ಇದನ್ನು ಚಿತ್ರಹಿಂಸೆಯ ಸಾಲಿಗೆ ಸೇರಿಸಿದರು. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಸಾಧನವನ್ನು ನಿಷೇಧಿಸಿತು. ಹಾಗೆ ನಿಷೇಧಿಸುವ ಅಧಿಕಾರವೇ ಇಲ್ಲವೆಂದು 2021ರಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. 2022ರ ಕೊನೆಗೆ ಅಲ್ಲಿನ ಸಂಸತ್ತು ಕಾನೂನು ತಿದ್ದಿ ಅಧಿಕಾರ ಕೊಟ್ಟಿತು. ಈ ವ್ಯಾಜ್ಯದಲ್ಲಿ ನನ್ನನ್ನು ಕಾಡಿದ ಸಂಗತಿ ಬೇರೆ. ಆಘಾತ ಬೇಕೇ ಬೇಕು ಎಂದು ವಾದಿಸಿದವರಲ್ಲಿ ಅಲ್ಲಿನ ನಿವಾಸಿಗಳ ತಂದೆತಾಯಂದಿರೂ ಇದ್ದರು. ಅವರನ್ನು ರಾಕ್ಷಸರೆಂದು ಬೈಯುವುದು ಸುಲಭ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ತೆರೆದಿದ್ದ ಒಂದೇ ಬಾಗಿಲನ್ನು ಅವರು ಸಮರ್ಥಿಸಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಆ ಚೀಲ ಕಳಚಲಾಗಲಿಲ್ಲ ಎಂಬುದೇ ಆಘಾತದಿಂದ ಗುಣವಾಗುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಇಷ್ಟು ದೊಡ್ಡ ಯಂತ್ರದಿಂದ ಆಗದ್ದು ನಮ್ಮ ಬೆತ್ತದಿಂದ ಆಗುವುದೇ?

ತಾಯಿಯ ಮೇಲೆ ಹೊರಿಸುವ ಚಟಕ್ಕೂ ಹಳೆಯ ಪರಂಪರೆಯಿದೆ. ಷಿಕಾಗೊದ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಪುಸ್ತಕ ಬರೆದು, ಪ್ರೀತಿಯಿಲ್ಲದ ತಾಯಂದಿರಿಂದಲೇ ಆಟಿಸಂ ಬರುತ್ತದೆ ಎಂದು ಒಂದು ಪೀಳಿಗೆಯನ್ನೇ ನಂಬಿಸಿದ. ಅದಕ್ಕೂ ಮೂರು ವರ್ಷ ಮೊದಲೇ, 1964ರಲ್ಲಿ, ಸ್ವತಃ ಆಟಿಸಂ ಇರುವ ಮಗನ ತಂದೆಯಾದ ಬರ್ನಾರ್ಡ್ ರಿಮ್‌ಲಂಡ್ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂದು ವಾದಿಸಿ ಪುಸ್ತಕ ಬರೆದಿದ್ದ. ಆದರೂ ಜನಕ್ಕೆ ರುಚಿಸಿದ್ದು ಬೆಟಲ್‌ಹೈಮನ ಮಾತು. ಈಗ ಅದೇ ಆರೋಪ ನಮ್ಮಲ್ಲಿ ಹೊಸ ವೇಷ ತೊಟ್ಟು ಬಂದಿದೆ. ತಾಯಿ ಕೆಲಸಕ್ಕೆ ಹೋದಳು, ಕೈಗೆ ಮೊಬೈಲ್ ಕೊಟ್ಟಳು, ಮಗು ಹೀಗಾಯಿತು. ಮಕ್ಕಳ ಕೈಗೆ ದಿನವಿಡೀ ಮೊಬೈಲ್ ಕೊಡಬಾರದು, ಸರಿ. ಆದರೆ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳನ್ನು ವಿವರಿಸಿ ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ. ಆಗ ಆ ಮಕ್ಕಳ ಮನೆಯಲ್ಲಿ ಟಿವಿಯೂ ಇರಲಿಲ್ಲ.

ಹೊಗಳುವವರ ಗುಂಪು ಬೇರೆ ಇದೆ. ದೇವರು ಶಕ್ತಿ ಇರುವವರಿಗೇ ಇಂಥ ಮಗು ಕೊಡುತ್ತಾನೆ, ನೀವು ವಿಶೇಷ ತಾಯಿ ಎಂದು ಕೈಮುಗಿಯುವವರು. ಮೇಲ್ನೋಟಕ್ಕೆ ಬೈಗುಳಕ್ಕಿಂತ ವಾಸಿ. ಒಳಗೆ ನೋಡಿದರೆ ಎರಡೂ ಒಂದೇ, ಇದು ನಿನ್ನ ಪಾಲಿನದು, ನಮ್ಮದಲ್ಲ. ಶಕ್ತಿ ಇದ್ದವಳು ಎಂದು ಹೊಗಳಿಸಿಕೊಂಡ ಹೆಂಗಸು ನನಗೆ ಆಗುತ್ತಿಲ್ಲ, ಎರಡು ದಿನ ಯಾರಾದರೂ ನೋಡಿಕೊಳ್ಳಿ ಎಂದು ಬಾಯಿಬಿಟ್ಟು ಕೇಳುವುದಾದರೂ ಹೇಗೆ? ಆಟಿಸಂ ಎಂದರೆ ಅಡಗಿದ ಪ್ರತಿಭೆ ಎಂಬ ಸಿನಿಮಾ ನಂಬಿಕೆಯೂ ಇದರ ಜೊತೆಗೇ ಬರುತ್ತದೆ. 1988ರ 'ರೈನ್ ಮ್ಯಾನ್' ನೋಡಿದವರಿಗೆ ಆಟಿಸಂ ಇರುವ ರೇಮಂಡ್ ನೆಲಕ್ಕೆ ಬಿದ್ದ ಕಡ್ಡಿಗಳನ್ನು ಕ್ಷಣಾರ್ಧದಲ್ಲಿ ಎಣಿಸಿದ್ದು ನೆನಪಿರುತ್ತದೆ. ಹೊಗೆಯ ಎಚ್ಚರಿಕೆ ಗಂಟೆ ಕಿರುಚಿದಾಗ ಅದೇ ರೇಮಂಡ್ ಕಂಗೆಟ್ಟು ಬಾಗಿಲಿಗೆ ತಲೆ ಚಚ್ಚಿಕೊಂಡ ದೃಶ್ಯ ನೆನಪಿರುವವರು ಕಡಿಮೆ. ಆಟಿಸಂ ಇರುವ ದೊಡ್ಡವರೇ ತಮ್ಮ ಪರ ಮಾತಾಡಲು ಶುರುಮಾಡಿ, ನಮ್ಮನ್ನು ತಿದ್ದಬೇಡಿ ಅರ್ಥ ಮಾಡಿಕೊಳ್ಳಿ ಎಂದಿದ್ದು ದೊಡ್ಡ ಸಂಗತಿ, ಅವರಿಂದಲೇ ನಾವು ಎಷ್ಟೋ ಕಲಿತಿದ್ದೇವೆ. ಆದರೆ ಆ ಮಾತನ್ನು ಅರ್ಧ ಕೇಳಿಸಿಕೊಂಡು, ರಕ್ತ ಸೋರುವ ಹಣೆಯನ್ನೂ ಭಿನ್ನತೆಯ ಸಂಭ್ರಮಕ್ಕೆ ಸೇರಿಸುವ ನಗರದ ಸಭ್ಯರನ್ನು ಕಂಡರೆ ನನಗೆ ಆ ಅಜ್ಜಿಯೇ ವಾಸಿ ಅನ್ನಿಸುತ್ತದೆ. ಆಕೆ ತುತ್ತಾದರೂ ಇಡುತ್ತಾರೆ.

ಔಷಧದ ವಿಷಯದಲ್ಲೂ ಬಂಧುಗಳದು ಗಟ್ಟಿ ಅಭಿಪ್ರಾಯ, ಗುಳಿಗೆ ನುಂಗಿಸಿ ಮಗುವನ್ನು ಮಂಕು ಮಾಡಬೇಡಿ ಅಂತ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಟಿಸಂ ಜೊತೆಗೆ ತೀವ್ರ ಸಿಡುಕು, ಆಕ್ರಮಣ, ಸ್ವಯಂಗಾಯ ಇದ್ದ 101 ಮಕ್ಕಳಲ್ಲಿ ಕೆಲವರಿಗೆ ರಿಸ್ಪೆರಿಡೋನ್, ಉಳಿದವರಿಗೆ ಬರೀ ಸಕ್ಕರೆ ಗುಳಿಗೆಯಂಥದ್ದು ಕೊಟ್ಟರು. ಎಂಟು ವಾರಕ್ಕೆ ಔಷಧ ಪಡೆದವರಲ್ಲಿ ಶೇ 69 ಮಂದಿ ಚೇತರಿಸಿಕೊಂಡರು, ಉಳಿದವರಲ್ಲಿ ಶೇ 12. ಔಷಧ ಪಡೆದ ಮಕ್ಕಳ ತೂಕ ಅಷ್ಟರಲ್ಲೇ ಸರಾಸರಿ 2.7 ಕಿಲೊ ಏರಿತ್ತು. ಎರಡೂ ನಿಜ. ಹುಳುಕು ಹಲ್ಲನ್ನು ಮುಚ್ಚಿಡಲು ಗುಳಿಗೆ ಕೊಡುವುದು ಅನ್ಯಾಯ. ಎಲ್ಲ ನೋಡಿಯಾದ ಮೇಲೂ ಕಣ್ಣು ಉಳಿಸಲು ಗುಳಿಗೆ ಬೇಕಾದರೆ ಕೊಡುವುದು ಚಿಕಿತ್ಸೆ. ಅದನ್ನು ತೀರ್ಮಾನಿಸಬೇಕಾದವರು ತೂಕ, ಸಕ್ಕರೆ, ನಿದ್ದೆ ಗಮನಿಸುತ್ತ ಪ್ರಮಾಣ ಹೊಂದಿಸುವ ಮನೋವೈದ್ಯರು, ಚಿಕ್ಕಪ್ಪ ದೊಡ್ಡಪ್ಪಂದಿರಲ್ಲ.

ಈಗ ಶಾಲೆ ಮತ್ತು ಸರ್ಕಾರ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು, ತೀವ್ರ ಅಂಗವೈಕಲ್ಯದ ಮಗು ಬಯಸಿದರೆ ಮನೆಯಲ್ಲೇ ಶಿಕ್ಷಣ ಪಡೆಯಬಹುದು ಎಂದರು. ಬಯಸಿದರೆ ಎಂಬುದು ಕಾಯ್ದೆಯ ಪುಟದಲ್ಲೇ ಉಳಿಯಿತು. ಹೊಡೆದುಕೊಳ್ಳುವ ಮಗುವಿನ ಪೋಷಕರಿಗೆ ಶಾಲೆಗಳು ಅದನ್ನು ಬಾಗಿಲು ತೋರಿಸಲು ಬಳಸುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹಲವು ಬಗೆಯ ತೊಂದರೆಗಳನ್ನು ಪತ್ತೆ ಮಾಡಬೇಕು, ಆ ಪಟ್ಟಿಯಲ್ಲಿ ಆಟಿಸಂ ಇದೆ. ಪತ್ತೆಯಾದ ಮಗು ಜಿಲ್ಲಾ ಕೇಂದ್ರಕ್ಕೆ ಬರುತ್ತದೆ. ಚೀಟಿಯಲ್ಲಿ ಆಟಿಸಂ ಎಂದು ಬರೆಸಿಕೊಂಡು ಬಸ್ ಹತ್ತಿದ ಮೇಲೆ, ತಲೆ ಚಚ್ಚಿಕೊಳ್ಳುವ ರಾತ್ರಿಯಲ್ಲಿ ಫೋನ್ ಮಾಡಲು ಆ ಚೀಟಿಯ ಮೇಲೆ ಒಂದು ನಂಬರೂ ಇರುವುದಿಲ್ಲ. 1999ರ ಕಾಯ್ದೆಯಡಿ ಬಂದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಒಂದು ಲಕ್ಷ ರೂಪಾಯಿಯವರೆಗೆ ಇದೆ, ಮಾಡಿಸಿಕೊಳ್ಳದವರು ಮಾಡಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆ ಸರ್ಕಾರ ರೂಪಿಸಬೇಕು ಎನ್ನುತ್ತದೆ. ಹಗಲು ರಾತ್ರಿ ಮಗುವಿನ ಕೈ ಹಿಡಿದು ಕೂರಲು ನೌಕರಿ ಬಿಟ್ಟ ತಾಯಿಗಿಂತ ಆರೈಕೆದಾರರು ಬೇರೆ ಯಾರು? ಅವಳಿಗೆ ಸಿಗುವುದು ಭತ್ಯೆಯಲ್ಲ, ಮಗು ಹಾಳಾದದ್ದು ನಿನ್ನಿಂದ ಎಂಬ ಮಾತು.

ಇಂಥ ಮನೆಗಳಲ್ಲಿ ಗಂಡ ಹೆಂಡತಿ ಪಾಳಿಯಲ್ಲಿ ಮಲಗುತ್ತಾರೆ. ಮಂಚದ ಸುತ್ತ ಗೋಡೆಗೆ ಹಳೆಯ ಹಾಸಿಗೆ ನಿಲ್ಲಿಸಿರುತ್ತಾರೆ. ಮಗುವಿನ ತಲೆಗೆ ಹೆಲ್ಮೆಟ್ ಹಾಕಿದ್ದನ್ನು ಕಂಡು ಪಕ್ಕದ ಮನೆಯವರು ನಗುತ್ತಾರೆ, ಕೈ ಕಟ್ಟಿದ್ದನ್ನು ಕಂಡು ಕಟುಕರು ಎನ್ನುತ್ತಾರೆ, ಕಟ್ಟದಿದ್ದಾಗ ಕೆಳಗಿನ ಮನೆಯವರು ಸದ್ದಾಗುತ್ತಿದೆ ಎಂದು ಮಾಲೀಕರಿಗೆ ದೂರು ಕೊಡುತ್ತಾರೆ. ದಿನವಿಡೀ ಕಟ್ಟಿಡುವುದು ಒಳ್ಳೆಯದಲ್ಲ ಎಂದು ಆ ತಾಯಿಗೆ ಬೇರೆಯವರು ಹೇಳಬೇಕಾಗಿಲ್ಲ. ಕಟ್ಟದೆ ಇರಲು ಇನ್ನೊಂದು ಜೊತೆ ಕೈ ಬೇಕು, ಅದು ಅವಳ ಮನೆಯಲ್ಲಿಲ್ಲ.

ಇಂಥ ಮಗುವಿನ ಅಪ್ಪ ಅಮ್ಮ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲವೂ ಗಂಟೆ, ಅದಕ್ಕೆ ಮುಂಚೆ ಏನಾಯಿತು, ಹೊಡೆದುಕೊಂಡ ಮೇಲೆ ಏನಾಯಿತು, ಮೈಯ ಯಾವ ಜಾಗಕ್ಕೆ ಹೊಡೆದುಕೊಂಡ ಎಂದು ಬರೆಯಿರಿ. ಊಟ, ಮಲ, ನಿದ್ದೆ, ಹೆಣ್ಣುಮಕ್ಕಳಾದರೆ ಮುಟ್ಟಿನ ದಿನ ಬರೆಯಿರಿ. ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ. ವೈದ್ಯರ ಕೋಣೆಯಲ್ಲಿ ಮಗು ಸುಮ್ಮನೆ ಕೂತರೂ ಆ ವಿಡಿಯೊ ಮಾತಾಡುತ್ತದೆ. ಹೊಡೆದುಕೊಳ್ಳುವುದು ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಒಂದೇ ಜಾಗಕ್ಕೆ ಆಗುತ್ತಿದ್ದರೆ, ನೋವು ಇಲ್ಲ ಎಂದು ಸಾಬೀತಾಗುವವರೆಗೂ ನೋವಿದೆ ಎಂದೇ ಹಿಡಿಯಿರಿ, ವೈದ್ಯರಿಗೂ ಹಾಗೆಯೇ ಹೇಳಿ.

ಬಂಧುಗಳಿಗೆ ಹೇಳುವುದು ಇಷ್ಟು. ಸಲಹೆ ಸಾಕು. ಭಾನುವಾರ ಮಧ್ಯಾಹ್ನ ಹೋಗಿ ಎರಡು ಗಂಟೆ ಆ ಮಗುವಿನ ಪಕ್ಕ ಕೂತುಕೊಳ್ಳಿ, ಅದರ ತಾಯಿ ಮಲಗಲಿ.

ಸರ್ಕಾರದಿಂದ ಕೇಳುವುದಕ್ಕೆ ಹೊಸ ಇಲಾಖೆ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ. ಮೊದಲನೆಯದು ಆರೈಕೆದಾರರ ಭತ್ಯೆ. ಎರಡನೆಯದು ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನ, ಬಾಯಿ ತೆರೆಯದ, ಕಿವಿ ಮುಟ್ಟಗೊಡದ ಮಕ್ಕಳಿಗೆ ಅರಿವಳಿಕೆ ಕೊಟ್ಟು ಹಲ್ಲು, ಕಿವಿ, ಕಣ್ಣು ಒಂದೇ ಸಲಕ್ಕೆ ಪರೀಕ್ಷಿಸಿ, ಅಲ್ಲೇ ಚಿಕಿತ್ಸೆ ಮಾಡುವ ವ್ಯವಸ್ಥೆ. ಅರಿವಳಿಕೆ ತಜ್ಞರು, ದಂತವೈದ್ಯರು, ಕಿವಿ ಮೂಗು ಗಂಟಲಿನ ವೈದ್ಯರು, ಕಣ್ಣಿನ ವೈದ್ಯರು ಜಿಲ್ಲಾಸ್ಪತ್ರೆಯಲ್ಲಿ ಸಂಬಳದ ಮೇಲೇ ಇರುವವರು. ಅವರನ್ನು ಒಂದೇ ದಿನ ಒಂದೇ ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆಸಲು ಬೇಕಾದ್ದು ಒಂದು ಸುತ್ತೋಲೆ.